ಪುಟ್ಟಿ, ಆ ಡಿವಿಡಿ ಪ್ಲೇಯರ್ ಆರ್ಡರ್ ಮಾಡುವ ಮೊದಲು ಇದನ್ನು ಓದು

ಪುಟ್ಟಿ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದ್ದೆ. ತೋಟದಲ್ಲಿ ಕೊನೆ ಕೊಯ್ಲು ನಡೀತಿತ್ತು, ಉತ್ತರ ಹಾಕಲು ಆಗಲಿಲ್ಲ. ಈಗ ಊಟ ಆಯಿತು, ಕೂತಿದ್ದೇನೆ. ವಾಯ್ಸ್ ಮೆಸೇಜ್ ಹಾಕಬಹುದಿತ್ತು, ಆದರೆ ಈ ಗ್ರೂಪಿನಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಅದಕ್ಕೆ ನಾನು ಮಾತಾಡುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳಲಿ. ತಪ್ಪಿದ್ದರೆ ಅದರದ್ದು.

ನೀನು ಕೇಳಿದ್ದು ಏನು ಅಂತ ಈಗ ಎದ್ದು ಬಂದವರಿಗೂ ಗೊತ್ತಾಗಲಿ. ನೀನು, ನಿನ್ನ ಅಮ್ಮ ಅಂದರೆ ನಮ್ಮ ಅತ್ತಿಗೆ, ನಿನ್ನ ಮಗ ಮರಿ, ಮೂರೂ ಜನ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಹರಿದ್ವಾರ. ಸಂಜೆ ಹೊರಟರೆ ಎರಡು ರಾತ್ರಿ ರೈಲಿನಲ್ಲೇ, ಮೂರನೇ ದಿನ ಬೆಳಗ್ಗೆ ದೆಹಲಿ. ಅಷ್ಟು ಹೊತ್ತು ಆರು ವರ್ಷದ ಹುಡುಗನನ್ನೂ ಅತ್ತಿಗೆಯನ್ನೂ ಕೂರಿಸಲು ಒಂದು ಸಿನಿಮಾ ನೋಡುವ ಮಷೀನು ಬೇಕು. ನೀನು ಫೋಟೋ ಹಾಕಿದ್ದು 9 ಇಂಚಿನ ಮಡಚುವ ಡಿವಿಡಿ ಪ್ಲೇಯರ್. ಭಾವ ಫೋನೇ ಸಾಕು ಅಂದರು. ನಿನ್ನ ತಮ್ಮ ಲ್ಯಾಪ್‌ಟಾಪ್ ಒಯ್ಯಿ ಅಂದ. ಆಮೇಲೆ ಯಾರೋ ಗುಡ್ ಮಾರ್ನಿಂಗ್ ಹೂವು ಹಾಕಿದರು, ಅಲ್ಲಿಗೆ ಚರ್ಚೆ ಮುಗಿಯಿತು.

ಫೋನ್ ಬೇಡ ಪುಟ್ಟಿ. ಭಾವ ಬೇಜಾರು ಮಾಡಿಕೊಳ್ಳಬಾರದು. ಟಿಕೆಟ್ ಇರುವುದು ಅದರಲ್ಲೇ, ದುಡ್ಡು ಕೊಡುವುದು ಅದರಲ್ಲೇ, ದೆಹಲಿಯಲ್ಲಿ ಇಳಿದ ಮೇಲೆ ಗಾಡಿಯವನು ಫೋನ್ ಮಾಡುವುದೂ ಅದಕ್ಕೇ. ಮರಿ ಎರಡು ದಿನ ಕಾರ್ಟೂನ್ ನೋಡಿ ಬ್ಯಾಟರಿ ಮೂರು ಪರ್ಸೆಂಟಿಗೆ ತಂದಿಟ್ಟರೆ ದೆಹಲಿಯ ನಿಜಾಮುದ್ದೀನ್ ಸ್ಟೇಷನ್ ದಾಟುವಾಗ ನಿನಗೆ ಅಳು ಬರುತ್ತದೆ. ಲ್ಯಾಪ್‌ಟಾಪಿನ ವಿಷಯ ನಾನು ಮಾತಾಡುವುದೇ ಇಲ್ಲ, ಬರ್ತಿನಲ್ಲಿ ಅದನ್ನು ತೆರೆದಿಟ್ಟು ಪಕ್ಕದಲ್ಲಿ ಚಹಾ ಇಟ್ಟುಕೊಂಡವರನ್ನು ನೋಡಿದ್ದೇನೆ.

ಈಗ ಡಿವಿಡಿ ಪ್ಲೇಯರ್. ಇದರ ಬಗ್ಗೆ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ. ಬಸ್‌ಸ್ಟ್ಯಾಂಡ್ ಹಿಂದೆ ನಮ್ಮ ಸಿಡಿ ಲೈಬ್ರರಿ ಇದ್ದಾಗ ಇಂಥದ್ದೇ 7 ಇಂಚಿನದ್ದೊಂದು ಕೌಂಟರ್ ಮೇಲೆ ಇಟ್ಟಿದ್ದೆ. ಗಿರಾಕಿ ವಾಪಸ್ ತಂದ ಡಿಸ್ಕಿಗೆ ಗೀರು ಬಿದ್ದಿದೆಯಾ ಅಂತ ಹಾಕಿ ನೋಡಲು. ಕೌಂಟರಿನ ಮೇಲೆ ಅದು ಚಿನ್ನದಂಥ ಮಷೀನು. ಒಂದು ಸಲ ತಿರುಪತಿಗೆ ಜೀಪಿನಲ್ಲಿ ಹೋಗುವಾಗ ಜೊತೆಗೆ ಒಯ್ದೆ. ರಸ್ತೆ ಹದಗೆಟ್ಟ ಕಡೆ ಬಂತು ನೋಡು, ನಾಯಕ ಕೈ ಎತ್ತಿದ, ಕೈ ಎತ್ತಿದಲ್ಲೇ ನಿಂತ, ಆಮೇಲೆ ನೇರ ಹಾಡಿಗೆ ಹೋದ. ಒಳಗೆ ಲೇಸರ್ ಕಣ್ಣು ತಿರುಗುವ ಡಿಸ್ಕನ್ನು ಓದಬೇಕಲ್ಲ, ಗಾಡಿ ಕುಲುಕಿದರೆ ಅದು ದಾರಿ ತಪ್ಪುತ್ತದೆ. ರೈಲು ಜೀಪಿನಷ್ಟು ಕುಣಿಯುವುದಿಲ್ಲ, ಆದರೂ ಸ್ಟೇಷನ್ ಹತ್ತಿರ ಹಳಿ ಬದಲಾಯಿಸುವಾಗ ಗಡಗಡ ಅನ್ನುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಪೆಟ್ಟಿಗೆ ಮೇಲೆ ಇಂಚು ದೊಡ್ಡದಾಗಿ ಬರೆದಿರುತ್ತಾರೆ, ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕಿ, ಎಷ್ಟು ಅಂತ ಸಣ್ಣಕ್ಷರದಲ್ಲೂ ಇರುವುದಿಲ್ಲ. ಕಡಿಮೆ ಬೆಲೆಯ 7 ಇಂಚಿನವುಗಳಲ್ಲಿ ಸಾಮಾನ್ಯವಾಗಿ 480 ಅಡ್ಡ, 234 ಉದ್ದ ಅಷ್ಟೇ. ನಮ್ಮ ಕಡೆಯ ಡಿವಿಡಿಯಲ್ಲಿ ಚಿತ್ರ ಇರುವುದೇ 720 ಕ್ಕೆ 576. ಅಂದರೆ ಡಿಸ್ಕಿನಲ್ಲಿ ಇರುವುದನ್ನೂ ಅದು ಪೂರ್ತಿ ತೋರಿಸುವುದಿಲ್ಲ. ಯುಎಸ್‌ಬಿ ತೂತು ಇದೆ, ಪೆನ್‌ಡ್ರೈವ್ ಹಾಕಬಹುದು ಅಂತ ನೀನು ಬರೆದಿದ್ದೀಯ. ತೂತು ಇರುತ್ತದೆ. ಆದರೆ ಇಂಥ ಎಷ್ಟೋ ಪ್ಲೇಯರುಗಳು ಹಳೇ ಎವಿಐ, ಎಂಪೆಗ್ ಫೈಲ್ ಮಾತ್ರ ಓಡಿಸುತ್ತವೆ, ಈಗಿನ ಎಂಕೆವಿ ಹಾಕಿದರೆ ಸಪೋರ್ಟ್ ಇಲ್ಲ ಅಂತ ಬರುತ್ತದೆ. ಬ್ಯಾಟರಿ ಎರಡು ಮೂರು ಗಂಟೆ. ಒಂದು ಸಿನಿಮಾ ಮುಗಿಯಿತು, ಇನ್ನೊಂದರ ಇಂಟರ್ವಲ್‌ಗೆ ಮಷೀನು ಮಲಗಿತು.

ನೀನು ಡಿವಿಡಿ ಪ್ಲೇಯರೇ ಯಾಕೆ ಹುಡುಕಿದೆ ಅನ್ನುವುದೂ ನನಗೆ ಗೊತ್ತು. ಅತ್ತಿಗೆಯ ಆ ಬಿಸ್ಕತ್ತಿನ ಡಬ್ಬಿ. ಅದರಲ್ಲಿರುವ ಯಕ್ಷಗಾನದ ವಿಸಿಡಿಗಳು (ಡಿವಿಡಿಗಿಂತ ಹಳೇ ಥರದ ವಿಡಿಯೋ ಸಿಡಿ), ನಿನ್ನ ಮದುವೆಯ ಎರಡು ಡಿವಿಡಿ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಾತು ಕೇಳುವುದಾದರೆ ಒಂದು ಸಣ್ಣ ಟ್ಯಾಬ್ ತಗೋ. ಮೆಮೊರಿ ಕಾರ್ಡ್ ಹಾಕುವ ಜಾಗ ಇರಬೇಕು, ಹಳೇ ಥರದ ಇಯರ್‌ಫೋನ್ ತೂತು ಇರಬೇಕು. ಈ ಎರಡು ಇಲ್ಲದಿದ್ದರೆ ಎಷ್ಟೇ ಚೆಂದ ಇದ್ದರೂ ಬೇಡ. ಐಪ್ಯಾಡ್ ಒಳ್ಳೆಯದೇ, ಆದರೆ ಅದರಲ್ಲಿ ಕಾರ್ಡ್ ಜಾಗ ಇಲ್ಲ. ಇಲ್ಲಿ ಪೇಟೆಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಇಟ್ಟಿದ್ದರು, 8.7 ಇಂಚು, ಅದರ ಅಣ್ಣ ಎ9 ಪ್ಲಸ್ 11 ಇಂಚು. ಎರಡರಲ್ಲೂ ಕಾರ್ಡ್ ಜಾಗ, ಇಯರ್‌ಫೋನ್ ತೂತು ಇದೆ. ಅದೇ ಕಂಪನಿಯದ್ದೇ ಆಗಬೇಕು ಅಂತಿಲ್ಲ, ಆ ಅಳತೆ ಹಿಡಿದು ಬೇರೆಯದನ್ನೂ ನೋಡು.

ದೊಡ್ಡದಾ ಸಣ್ಣದಾ? ಅಂಗಡಿಯಲ್ಲಿ ನೋಡಿದರೆ ಎಲ್ಲರಿಗೂ ದೊಡ್ಡದೇ ಬೇಕು ಅನಿಸುತ್ತದೆ. ಅಡುಗೆಮನೆಯಿಂದ ಅರ್ಧ ಕೆಜಿ ಸಕ್ಕರೆ ಪೊಟ್ಟಣ ತಗೊಂಡು ಮಂಚದ ಮೇಲೆ ಅಂಗಾತ ಮಲಗು. ಅದನ್ನು ಮುಖದ ಮೇಲೆ ಎತ್ತಿ ಹಿಡಿದು ಹತ್ತು ನಿಮಿಷ ಇರು. 11 ಇಂಚಿನದ್ದು 480 ಗ್ರಾಂ, ಕವರ್ ಹಾಕಿದರೆ ಸಕ್ಕರೆ ಪೊಟ್ಟಣಕ್ಕಿಂತ ಭಾರ. ಸಣ್ಣದು 332 ಗ್ರಾಂ. ಬರ್ತಿನಲ್ಲಿ ಮಲಗಿ ನೋಡುವವರಿಗೆ, ಅದೂ ಅತ್ತಿಗೆಯ ಮಣಿಕಟ್ಟು ನೋವಿಗೆ, ಸಣ್ಣದೇ ಸರಿ. ನಿದ್ದೆ ಬಂದು ಮೂಗಿನ ಮೇಲೆ ಬಿದ್ದರೂ ಮೂಗು ಉಳಿಯುತ್ತದೆ. (ನನ್ನ ಮೂಗಿನ ಮೇಲೆ ದೊಡ್ಡದು ಬಿದ್ದಿದೆ, ಚಿಕ್ಕಮ್ಮನನ್ನು ಕೇಳು.) ಮಡಚಿ ನಿಲ್ಲಿಸುವ ಕವರ್ ಮಾತ್ರ ಬೇಕೇ ಬೇಕು. ಕೂತು ನೋಡುವಾಗ ಕಿಟಕಿ ಪಕ್ಕದ ಆ ಪುಟ್ಟ ಟೇಬಲ್ ಮೇಲೆ ನಿಲ್ಲುತ್ತದೆ.

ಮರಿಗೆ ಏನೇನು ಬೇಕೋ ಅದನ್ನೆಲ್ಲ ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿ ಇಟ್ಟುಕೋ. ರೈಲಿನಲ್ಲಿ ನೆಟ್‌ವರ್ಕ್ ನಂಬಬೇಡ. ಆದರೆ ಆ್ಯಪ್‌ಗಳ ಡೌನ್‌ಲೋಡಿಗೆ ವಾಯಿದೆ ಇರುತ್ತದೆ, ಇದು ನನಗೆ ಗೊತ್ತಿರಲಿಲ್ಲ. ಹೋದ ವರ್ಷ ನಾನೂ ಚಿಕ್ಕಮ್ಮನೂ ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋದೆವು. ಹದಿನೈದು ದಿನ ಮೊದಲೇ ಸಿನಿಮಾ ಇಳಿಸಿ ಇಟ್ಟಿದ್ದೆ, ಅಷ್ಟು ಮುಂಜಾಗ್ರತೆ. ಸಕಲೇಶಪುರದಲ್ಲಿ ರೈಲು ನಿಂತಾಗ ತೆರೆದೆ. ಅವಧಿ ಮುಗಿದಿದೆ, ಇಂಟರ್‌ನೆಟ್‌ಗೆ ಬನ್ನಿ ಅಂತ ಬಂತು. ಎಲ್ಲಿಯ ಇಂಟರ್‌ನೆಟ್? ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರ್ ಘಾಟಿ, 57 ಸುರಂಗ. ಚಿಕ್ಕಮ್ಮ ಕಿಟಕಿಗೆ ಹಣೆ ಒತ್ತಿ ಒಂದೊಂದೇ ಜಲಪಾತ ನೋಡಿದಳು. ನಾನು ಟ್ಯಾಬಿನಲ್ಲಿ ಗಿರಗಿರ ತಿರುಗುವ ಚಕ್ರ ನೋಡಿದೆ. ಹಾಗಾಗಿ ನೀವು ಹೊರಡುವ ಹಿಂದಿನ ದಿನ ಎಲ್ಲವನ್ನೂ ಒಮ್ಮೆ ತೆರೆದು ನೋಡು, ವಾಯಿದೆ ಹತ್ತಿರ ಇದ್ದರೆ ಹೊಸದಾಗಿ ಇಳಿಸು. ಕೆಲವು ಸಿನಿಮಾಗಳಿಗೆ ಒಮ್ಮೆ ಪ್ಲೇ ಒತ್ತಿದರೆ ಆಮೇಲೆ 48 ಗಂಟೆ ಮಾತ್ರ. ಅದಕ್ಕೆ ತೆರೆದು ನೋಡು ಅಂದರೆ ಡೌನ್‌ಲೋಡ್ ಪಟ್ಟಿಯನ್ನು ತೆರೆದು ನೋಡು, ಪ್ಲೇ ಒತ್ತಬೇಡ. ಒತ್ತಿ ಆಮೇಲೆ ನನಗೆ ಬೈಯಬೇಡ.

ಚಾರ್ಜಿನ ವಿಷಯ. ಬೋಗಿಯಲ್ಲಿ ಪ್ಲಗ್ ಇರುತ್ತದೆ, ಆದರೆ ರಾತ್ರಿ 11 ರಿಂದ ಬೆಳಗ್ಗೆ 5 ರ ತನಕ ಅದನ್ನು ಆಫ್ ಮಾಡಬೇಕು ಅಂತ ರೈಲ್ವೆಯದ್ದೇ ನಿಯಮ, ಬೆಂಕಿಯ ಭಯಕ್ಕೆ. ಆದ್ದರಿಂದ ಊಟದ ಹೊತ್ತಿಗೇ ಹಾಕಿಬಿಡು. ಅಲ್ಲಿ ಬರುವುದು 110 ವೋಲ್ಟ್, ಮನೆಯ ಹಾಗೆ 230 ಅಲ್ಲ. ಚಾರ್ಜರ್ ಮೇಲೆ 100-240 ಅಂತ ಬರೆದಿದ್ದರೆ ತೊಂದರೆ ಇಲ್ಲ, ನಿಧಾನ ಆಗುತ್ತದೆ ಅನಿಸಬಹುದು ಅಷ್ಟೇ. ಒಂದು 10000 ಎಂಎಎಚ್ ಪವರ್ ಬ್ಯಾಂಕ್ ಇಟ್ಟುಕೋ. ವಾಪಸ್ ಬರುವುದು ವಿಮಾನದಲ್ಲಿ ಅಂದೆಯಲ್ಲ, ಆವಾಗ ಅದು ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿದರೆ ಕರೆದು ತೆಗೆಸುತ್ತಾರೆ. ನೋಡುವಾಗ ಏರೋಪ್ಲೇನ್ ಮೋಡ್ ಹಾಕು. ರೈಲಿನಲ್ಲಿ ಸಿಗ್ನಲ್ ಹುಡುಕುತ್ತಾ ಹುಡುಕುತ್ತಾನೇ ಅರ್ಧ ಬ್ಯಾಟರಿ ತಿನ್ನುತ್ತದೆ.

ಶಬ್ದ. ದಯವಿಟ್ಟು ಸ್ಪೀಕರಿನಲ್ಲಿ ಹಾಕಬೇಡ, ಪಕ್ಕದವರು ಒಳ್ಳೆಯವರಾಗಿದ್ದರೂ. ರಾತ್ರಿ 10 ರ ಮೇಲಂತೂ ನಿಯಮವೇ ಇದೆ. ಇಯರ್‌ಫೋನ್ ತೂತು ಬೇಕೇ ಬೇಕು ಅಂದದ್ದು ಇದಕ್ಕೇ: ಒಂದನ್ನು ಎರಡು ಮಾಡುವ ವೈ ಥರದ ಸ್ಪ್ಲಿಟರ್ ಅಂತ ಸಿಗುತ್ತದೆ, ಸಣ್ಣ ಬೆಲೆ, ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ಸಿನಿಮಾ ನೋಡಬಹುದು. ಮರಿಗೆ ಮಾತ್ರ ಮಕ್ಕಳದ್ದೇ ಹೆಡ್‌ಫೋನ್ ತಗೋ, ಪೆಟ್ಟಿಗೆ ಮೇಲೆ 85 ಡೆಸಿಬಲ್ ಮಿತಿ ಅಂತ ಇರುತ್ತದೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ ಅಲ್ವಾ, ಜೋರು ಮಾಡುತ್ತಾರೆ, ಅದೇ ಜೋರು ಇವನ ಕಿವಿಗೂ ಹೋಗುತ್ತದೆ.

ಹರಿದ್ವಾರದಿಂದ ಮೇಲಕ್ಕೆ ಟ್ಯಾಕ್ಸಿಯಲ್ಲಿ ಹೋಗುವುದಾದರೆ ಆ ದಾರಿಯಲ್ಲಿ ಮರಿಯ ಕೈಗೆ ಕೊಡಲೇಬೇಡ. ಆಗುಂಬೆ ಘಾಟಿ ನೆನಪಿದೆಯಾ? ನನ್ನ ಕಾರಿನ ಸೀಟಿಗೆ ಇನ್ನೂ ನೆನಪಿದೆ.

ಈಗ ಆ ಡಬ್ಬಿ. ಟ್ಯಾಬಿಗೆ ಡಿಸ್ಕ್ ಹಾಕಲು ಆಗುವುದಿಲ್ಲ, ಆದರೆ ಡಿಸ್ಕಿನಲ್ಲಿ ಇರುವುದನ್ನು ಕಾರ್ಡಿಗೆ ಹಾಕಬಹುದು. ನನ್ನ ಹಳೇ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವ್ ಇನ್ನೂ ಜೀವಂತ ಇದೆ. ವಿಸಿಡಿ ಸುಲಭ. ಅದು 1993 ರ ವಿದ್ಯೆ, ಒಳಗೆ ಎಂಪೆಗ್‌ಎವಿ ಅಂತ ಒಂದು ಫೋಲ್ಡರ್, ಅದರಲ್ಲಿ ಡಿಎಟಿ ಫೈಲು. ಅದನ್ನು ಹಾಗೇ ಎತ್ತಿ ಕಾರ್ಡಿಗೆ ಹಾಕಿದರೆ ವಿಎಲ್‌ಸಿ ಆ್ಯಪ್ ಓಡಿಸುತ್ತದೆ, ಪುಕ್ಕಟೆ ಆ್ಯಪ್. ಒಂದು ಡಿಸ್ಕಿನಲ್ಲಿ ಒಂದೂಕಾಲು ಗಂಟೆ ಚಿಲ್ಲರೆ ಹಿಡಿಯುತ್ತಿತ್ತು, ರಾತ್ರಿ ಪ್ರಸಂಗಕ್ಕೆ ಮೂರು ನಾಲ್ಕು ಡಿಸ್ಕ್ ಇರುವುದು ಅದಕ್ಕೇ. ಎಲ್ಲ ಸೇರಿದರೂ 64 ಜಿಬಿ ಕಾರ್ಡ್ ತುಂಬುವುದಿಲ್ಲ. ಚಿತ್ರ 352 ಕ್ಕೆ 288, ದೊಡ್ಡ ಟಿವಿಯಲ್ಲಿ ಹಾಕಿದರೆ ವೇಷದ ಮುಖವೆಲ್ಲ ಇಟ್ಟಿಗೆ ಇಟ್ಟ ಹಾಗೆ. ಸಣ್ಣ ಟ್ಯಾಬಿನಲ್ಲಿ ಚೆನ್ನಾಗೇ ಕಾಣುತ್ತದೆ. ಇದೂ ಸಣ್ಣದು ತಗೋ ಅನ್ನಲು ಒಂದು ಕಾರಣ.

ಮದುವೆ ಡಿವಿಡಿಗೆ ಸ್ವಲ್ಪ ಕೆಲಸ ಇದೆ. ಅದರಲ್ಲಿ ಒಂದೊಂದು ಜಿಬಿಯ ವಿಒಬಿ ಅನ್ನುವ ವಿಡಿಯೋ ಫೈಲಿನ ತುಂಡುಗಳಿರುತ್ತವೆ. ಹಾಗೇ ಹಾಕಿದರೆ ಯಾರಾದರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನ ಥರ ಅಡ್ಡ ಗೆರೆ ಬರುತ್ತದೆ, ಹಳೇ ಟಿವಿಗೆ ಅಂತ ಮಾಡಿದ್ದಲ್ವಾ. ಹ್ಯಾಂಡ್‌ಬ್ರೇಕ್ ಅಂತ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಆ ಗೆರೆ ತೆಗೆದು ಒಂದೇ ಎಂಪಿ4 ಮಾಡುತ್ತೇನೆ. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಆಗಿರುತ್ತದೆ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್ ಅದು, ಅಂಗಡಿಯಲ್ಲಿ ಕೊಳ್ಳುವ ಸಿನಿಮಾ ಡಿಸ್ಕಿನಷ್ಟು ವರ್ಷ ಬಾಳಿಕೆ ಬರುವುದಿಲ್ಲ. ಬಣ್ಣದ ಪದರದಲ್ಲಿ ಬರೆದದ್ದು, ಕಾಲ ಹೋದ ಹಾಗೆ ಆ ಬಣ್ಣ ಕೆಡುತ್ತದೆ. ನೀವು ಹರಿದ್ವಾರಕ್ಕೆ ಹೋಗಲಿ ಬಿಡಲಿ, ಇದನ್ನು ಈಗಲೇ ಮಾಡಬೇಕು.

ಎರಡನೇ ಡಿಸ್ಕಿನಲ್ಲಿ ಧಾರೆ ಇದೆ. ಮಂಟಪದ ಕರೆಂಟ್ ಹೋಯಿತಲ್ಲ, ಕಪ್ಪಾಗಿಬಿಡುತ್ತದೆ, ಕತ್ತಲಲ್ಲಿ ಅಣ್ಣನ ಧ್ವನಿ ಮಾತ್ರ ಕೇಳುತ್ತದೆ, "ಜನರೇಟರ್ ಹಾಕ್ರೋ, ತಂಬಿಗೆ ಯಾರ ಕೈಲಿದೆ" ಅಂತ. ಅಣ್ಣ ಹೋದ ಮೇಲೆ ಅತ್ತಿಗೆ ಅದನ್ನೇ ಹಾಕಿ ಹಾಕಿ ನೋಡುತ್ತಾರೆ ಅಂತ ನೀನೇ ಹೇಳಿದ್ದೆ. ಹಿಂದಿನ ಸಲ ನಾನು ನೋಡಿದಾಗ ಸರಿಯಾಗಿ ಅಲ್ಲೇ ಚಿತ್ರ ತಡವರಿಸುತ್ತಿತ್ತು. ಸ್ಟುಡಿಯೋದವರು ಆ ಕತ್ತಲನ್ನು ಕತ್ತರಿಸದೆ ಬಿಟ್ಟದ್ದು ಮರೆತೋ ಬೇಕಂತಲೋ, ನಾನಂತೂ ಕತ್ತರಿಸುವುದಿಲ್ಲ. ಆ ತುಂಡನ್ನು ಬೇರೆಯೇ ಒಂದು ಫೈಲ್ ಮಾಡಿ ಕನ್ನಡದಲ್ಲಿ 'ಧಾರೆ' ಅಂತ ಹೆಸರು ಹಾಕಿ ಎಲ್ಲದಕ್ಕಿಂತ ಮೇಲೆ ಇಡುತ್ತೇನೆ, ಅತ್ತಿಗೆಗೆ ನಿನ್ನನ್ನು ಕೇಳದೆಯೇ ಸಿಗಬೇಕು.

ಮುಂದಿನ ಭಾನುವಾರ ಗೃಹಪ್ರವೇಶಕ್ಕೆ ಬರುತ್ತೀರಲ್ಲ, ಡಬ್ಬಿ ತಗೊಂಡು ಬಾ. ಡಿಸ್ಕ್‌ಗಳನ್ನು ಒಂದರ ಮೇಲೊಂದು ಸುಮ್ನೆ ಪೇರಿಸಬೇಡ, ನಡುವೆ ಒಂದೊಂದು ಕಾಗದ ಇಡು. ಎರಡನೇ ಡಿಸ್ಕನ್ನು ಅತ್ತಿಗೆ ಸೆರಗಿನಿಂದ ಸುತ್ತ ಸುತ್ತ ಒರೆಸುತ್ತಾರೆ, ಹಾಗೆ ಒರೆಸಬಾರದು ಅಂತ ಹೇಳು. ಒರೆಸುವುದಾದರೆ ನಡುವಿನ ತೂತಿನಿಂದ ಅಂಚಿನ ಕಡೆಗೆ, ನೇರ. ಇಲ್ಲ, ಅದೂ ಬೇಡ. ಧೂಳು ಇದ್ದ ಹಾಗೇ ತಾ, ನಾನು ನೋಡಿಕೊಳ್ಳುತ್ತೇನೆ.