ರಿವೆಟ್ ಹೊಡೆಯುವಾಗ ಒಳಗಿನಿಂದ ಆನಿಸಿ ಹಿಡಿಯುವವನಿಗೆ ಏನನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬೆಲ್‌ಫಾಸ್ಟಿನ ಹಡಗುಕಟ್ಟೆಯ ಕೆಲಸಗಾರರ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೈಟಾನಿಕ್‌ನ ಒಡಲು 1909ರಿಂದ 1911ರ ತನಕ ಎದ್ದದ್ದು ಅಲ್ಲೇ. ಅದಕ್ಕೆ ಬಿದ್ದ ರಿವೆಟ್, ಅಂದರೆ ಪ್ಲೇಟುಗಳನ್ನು ಸೇರಿಸಿ ಬಿಗಿಯುವ ತಲೆಯಿರುವ ಮೊಳೆ, ಸುಮಾರು 30 ಲಕ್ಷ.

ಕೈಯಲ್ಲಿ ಹೊಡೆಯುವ ತಂಡಕ್ಕೆ ಐದು ಜನ. ಒಬ್ಬ ಹುಡುಗ ಕುಲುಮೆಯ ಮುಂದೆ ರಿವೆಟ್ ಕಾಯಿಸಿ, ಕೆಂಪಾದದ್ದನ್ನು ಇಕ್ಕಳದಲ್ಲಿ ಎತ್ತಿ ಎಸೆಯುತ್ತಾನೆ. ಇನ್ನೊಬ್ಬ ಹುಡುಗ ಅದನ್ನು ಹಿಡಿದು ತೂತಿನ ಹತ್ತಿರ ತಲುಪಿಸುತ್ತಾನೆ. ಹೊರಗಡೆ ಇಬ್ಬರು, ಒಬ್ಬ ಎಡಚ, ಒಬ್ಬ ಬಲಗೈಯವ, ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬೀಸಿ ತುದಿ ಚಪ್ಪಟೆ ಮಾಡುತ್ತಾರೆ. ತಣಿಯುತ್ತಾ ಕುಗ್ಗುವ ರಿವೆಟ್ ಎರಡು ಪ್ಲೇಟುಗಳನ್ನು ಬಿಗಿದು ಕಚ್ಚಿಸುತ್ತದೆ. (ಅಂಗುಲ ದಪ್ಪದ ಉಕ್ಕನ್ನು ‘ತಗಡು’ ಅನ್ನಲು ಬಾಯಿ ಬರಲಿಲ್ಲ.) ಕೂಲಿ ಹೊಡೆದ ರಿವೆಟ್ಟಿನ ಲೆಕ್ಕಕ್ಕೆ.

ತೊಡಕು ಐದನೆಯವನದು. ಅವನು ಒಡಲಿನ ಒಳಗೆ ಕೂತು, ಹೊರಗಿನ ಏಟಿಗೆ ರಿವೆಟ್ ಹಿಂದೆ ಸರಿಯದಂತೆ ಅದರ ತಲೆಗೆ ಭಾರದ ಸುತ್ತಿಗೆ ಆನಿಸಿ ಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ‘ಹೋಲ್ಡರ್-ಆನ್’. ಏಟಿನ ಸದ್ದೆಲ್ಲ ಅವನ ಕಿವಿಗೇ. ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ 1886ರಲ್ಲಿ ಇಂಥದೇ ಸದ್ದಿನಲ್ಲಿ ದುಡಿಯುವ 100 ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದಾಗ ಒಬ್ಬನಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇಂಥವನನ್ನು ‘ಹಿಡಿದುಕೊಳ್ಳುವವನು’ ಅಂದರೆ ಏಣಿ ಹಿಡಿದವನಂತೆ ಕೇಳುತ್ತದೆ. ‘ಆಧಾರಕ’ಕ್ಕೆ ಪಠ್ಯಪುಸ್ತಕದ ವಾಸನೆ.

ಮೊನ್ನೆ ಬಾಣಲೆಯ ಹಿಡಿ ಹಾಕಿಸಲು ಹೋಗಿದ್ದೆ. ಪಾತ್ರೆ ರಿಪೇರಿಯವನು ಕಬ್ಬಿಣದ ತುಂಡೊಂದನ್ನು ಕೈಗಿಟ್ಟು, “ಸಾರ್, ಒಳಗಿಂದ ಸ್ವಲ್ಪ ಒತ್ತು ಕೊಡಿ” ಅಂದ. ಎರಡೇ ಏಟಿಗೆ ಮೊಣಕೈ ತನಕ ಜುಮ್ಮೆಂದಿತು. ಪದವೂ ಸಿಕ್ಕಿತು ಅನ್ನಿಸಿತು: ‘ಒತ್ತುಗಾರ’. ನಾಗಸ್ವರದ ಪಕ್ಕದಲ್ಲಿ ಬಿಡದೆ ಶ್ರುತಿ ಊದುವ ವಾದ್ಯವೂ ‘ಒತ್ತು’ ತಾನೆ? ಅಳುಕು ಒಂದೇ, ಕೆರೆ ಒತ್ತುವರಿ ಮಾಡಿದವನೆಂದು ಓದುಗರು ತಿಳಿದಾರು! (ಆ ಪಾತ್ರೆ ರಿಪೇರಿಯವನು ರಿವೆಟ್ಟಿಗೆ ‘ರಿಬಿಟ್’ ಅನ್ನುತ್ತಾನೆ. ನನಗೆ ಅದೇ ಇಷ್ಟ, ಸಂಪಾದಕರು ಒಪ್ಪಬೇಕಷ್ಟೆ.)

ಇನ್ನೊಂದು, ‘ಕಾಕಿಂಗ್’. ಮರದ ಹಡಗಿನಲ್ಲಾದರೆ ಹಲಗೆಗಳ ಸಂದಿಗೆ ನಾರು ತುರುಕುವ ಕೆಲಸ. ಉಕ್ಕಿನ ಹಡಗಿನಲ್ಲಿ ಏನನ್ನೂ ತುರುಕುವುದಿಲ್ಲ. ಮೊಂಡು ಚಾಣದಿಂದ ಪ್ಲೇಟಿನ ಅಂಚನ್ನೇ ಬಡಿದು ಕೆಳಗಿನದಕ್ಕೆ ಒತ್ತಿ ಕೂರಿಸುತ್ತಾರೆ, ನೀರು ನುಗ್ಗದ ಹಾಗೆ. ಕೆಲಸ ಬದಲಾದರೂ ಇಂಗ್ಲಿಷಿನಲ್ಲಿ ಪದ ಹಳೆಯದೇ ಉಳಿಯಿತು. ನಾನು ‘ಸಂದು ತುಂಬು’ ಎಂದು ಬರೆದರೆ ಸುಳ್ಳಾಗುತ್ತದೆ. ‘ಅಂಚು ಕೂರಿಸು’ ನಡೆದೀತೆ? ಕರಾವಳಿಯಲ್ಲಿ ದೋಣಿ ಕಟ್ಟುವವರ ಮಾತು ಬಲ್ಲವರು ದಯವಿಟ್ಟು ತಿಳಿಸಿ.