ಎತ್ತರದ ಓಟಕ್ಕೆ ಸಪ್ಲಿಮೆಂಟ್: ನಿಮಗೆ ಯಾವುದು ಕೈಹಿಡಿಯಿತು?

ಕೇಳಿದವರು: ಇನ್ನು ಒಂಬತ್ತು ವಾರಕ್ಕೆ 3,400 ಮೀಟರ್ ಎತ್ತರದಲ್ಲಿ 42 ಕಿ.ಮೀ. ಓಟವಿದೆ, ಹೆಸರು ಕೊಟ್ಟಿದ್ದೇನೆ. ಇದುವರೆಗೆ ಓಡಿದ್ದೆಲ್ಲ ಸಮುದ್ರಮಟ್ಟದಲ್ಲಿ. ಕಬ್ಬಿಣದ ಮಾತ್ರೆ, ಬೀಟ್‌ರೂಟ್ ರಸ, ವಿಟಮಿನ್ ಸಿ ಮತ್ತು ಇ, ಗಿಂಕೊ ಮರದ ಎಲೆಯ ಸಾರ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಎತ್ತರದಲ್ಲಿ ಓಡಿ ಬಂದವರು ದಯವಿಟ್ಟು ತಿಳಿಸಿ.

ಓಟಗಾರ್ತಿ, ಎರಡು ಸಲ ಎತ್ತರದ ಶಿಬಿರಕ್ಕೆ ಹೋದವಳು: ಏನನ್ನೂ ಕೊಳ್ಳುವ ಮೊದಲು ಫೆರಿಟಿನ್ ಪರೀಕ್ಷೆ ಮಾಡಿಸಿ, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ ಅದು. ಈ ವಾರವೇ. ಮೊದಲ ಸಲ 2,500 ಮೀಟರಿನಲ್ಲಿ ಮೂರು ವಾರ ಇದ್ದೆ. ಜೊತೆಗಿದ್ದವರೆಲ್ಲ ಎರಡನೇ ವಾರಕ್ಕೆ ಚೇತರಿಸಿಕೊಂಡರು, ನನ್ನ ಕಾಲು ಮಾತ್ರ ಕೊನೆಯವರೆಗೂ ಭಾರ. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ವಾಪಸ್ ಬಂದು ನೋಡಿದರೆ ಫೆರಿಟಿನ್ ಬರೀ 14, ತೀರಾ ಕಡಿಮೆ. ಎತ್ತರಕ್ಕೆ ಹೋದ ಕೆಲವೇ ಗಂಟೆಗಳಲ್ಲಿ ದೇಹ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಹೆಚ್ಚಿಸುತ್ತದೆ, ಹೊಸ ಕೆಂಪು ರಕ್ತಕಣ ಮಾಡು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳುತ್ತದೆ. ಆದರೆ ಕಣ ಕಟ್ಟಲು ಕಬ್ಬಿಣ ಬೇಕಲ್ಲ! ದಾಸ್ತಾನು ಖಾಲಿಯಿದ್ದರೆ ಆ ಆದೇಶ ಬಂದೂ ಉಪಯೋಗವಿಲ್ಲ.

ಎರಡನೇ ಸಲ ಎರಡು ತಿಂಗಳು ಮೊದಲೇ ವೈದ್ಯರ ಸಲಹೆಯಂತೆ ಮಾತ್ರೆ ಶುರು ಮಾಡಿದೆ, ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಯಿತು. ಕಾಫಿ, ಟೀ ಜೊತೆ ನುಂಗಬೇಡಿ, ಕಬ್ಬಿಣ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಜ್ವರ ಬಂದು ಹೋದ ತಕ್ಷಣ ಪರೀಕ್ಷೆಗೆ ಹೋಗಬೇಡಿ, ಉರಿಯೂತವಿದ್ದಾಗ ಫೆರಿಟಿನ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಟ್ಟ ಚೆನ್ನಾಗಿದ್ದರೆ ಮಾತ್ರೆ ಬೇಡವೇ ಬೇಡ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ.

ಸೈಕಲ್ ತುಳಿಯುವವನು: ಬೀಟ್‌ರೂಟ್ ಬಗ್ಗೆ ನಾನು ಹೇಳ್ತೀನಿ. ಅದರಲ್ಲಿರೋ ನೈಟ್ರೇಟನ್ನ ಬಾಯಲ್ಲಿರೋ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಆಮೇಲೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತೆ. ಅದಕ್ಕೇ ಆ ದಿನ ಮೌತ್‌ವಾಶ್ ಹಾಕಬೇಡಿ, ಬ್ಯಾಕ್ಟೀರಿಯಾ ಸತ್ತರೆ ರಸ ಕುಡಿದೂ ದಂಡ. ಓಟಕ್ಕೆ ಎರಡೂವರೆ ಗಂಟೆ ಮೊದಲು ಕುಡೀಬೇಕು. ಕೆಳಗೆ ನನಗೆ ಸ್ವಲ್ಪ ಹಗುರ ಅನಿಸಿತ್ತು, ಮೇಲೆ ಏನೂ ಗೊತ್ತಾಗಲಿಲ್ಲ. ಎತ್ತರದಲ್ಲಿ ನಡೆದ ಅಧ್ಯಯನಗಳೂ ಒಂದೇ ಮಾತು ಹೇಳಲ್ಲ. ಮೂತ್ರ ಕೆಂಪಗಾದರೆ ಗಾಬರಿಯಾಗಬೇಡಿ.

ನಿಜವಾಗಿ ನನ್ನನ್ನ ದಡ ಸೇರಿಸಿದ್ದು ಕಾರ್ಬೋಹೈಡ್ರೇಟ್. ಒಂದು ಲೀಟರ್ ಆಮ್ಲಜನಕಕ್ಕೆ ಕಾರ್ಬೋಹೈಡ್ರೇಟಿನಿಂದ ಸುಮಾರು 5 ಕಿಲೊಕ್ಯಾಲೊರಿ ಸಿಗುತ್ತೆ, ಕೊಬ್ಬಿನಿಂದ 4.7. ಉಸಿರಿಗೇ ಬರ ಇರೋ ಕಡೆ ಆ ಚೂರೂ ಲೆಕ್ಕಕ್ಕೆ ಬರುತ್ತೆ. ತೊಂದರೆ ಏನಂದ್ರೆ ಮೇಲೆ ಹಸಿವೇ ಸತ್ತುಹೋಗುತ್ತೆ. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟು, ಗಂಟೆಗೆ 60 ಗ್ರಾಂ ಹೊಟ್ಟೆಗೆ ಹಾಕಿದೆ. ಓಡುವಾಗ ತಿನ್ನೋ ಎನರ್ಜಿ ಜೆಲ್ ಚಳಿಗೆ ಗಟ್ಟಿಯಾಗುತ್ತೆ, ಮೈಗೆ ತಾಗೋ ಒಳಜೇಬಲ್ಲಿ ಇಟ್ಕೊಳ್ಳಿ. ಇದನ್ನೆಲ್ಲ ಅಭ್ಯಾಸದ ಓಟದಲ್ಲೇ ಹೊಟ್ಟೆಗೆ ರೂಢಿ ಮಾಡಿಸಿ.

ಪರ್ವತ ಶಿಬಿರದಲ್ಲಿ ಕೆಲಸ ಮಾಡಿದ ನರ್ಸ್: ಗಿಂಕೊ ಬಿಟ್ಟುಬಿಡಿ. ಎವರೆಸ್ಟ್ ದಾರಿಯ ಚಾರಣಿಗರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಸೆಟಜೋಲಮೈಡ್ ಪರ್ವತ ಕಾಯಿಲೆಯನ್ನು ತಗ್ಗಿಸಿತು, ಗಿಂಕೊ ತಗ್ಗಿಸಲಿಲ್ಲ. ಆದರೆ ಅಸೆಟಜೋಲಮೈಡ್ ಔಷಧ, ಸಪ್ಲಿಮೆಂಟ್ ಅಲ್ಲ. ವೈದ್ಯರನ್ನು ಕೇಳದೆ ಮುಟ್ಟಬೇಡಿ. ವಿಟಮಿನ್ ಸಿ, ಇ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ತರಬೇತಿಯಿಂದ ದೇಹದಲ್ಲಿ ಆಗಬೇಕಾದ ಬದಲಾವಣೆಗೇ ಅಡ್ಡಿಯಾಗಬಹುದು.

3,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಭಾಗ ಮಾತ್ರ. ಯಾವ ಡಬ್ಬಿಯೂ ಅದನ್ನು ತುಂಬಿಕೊಡುವುದಿಲ್ಲ, ದಿನಗಳು ತುಂಬಿಕೊಡುತ್ತವೆ. ರಜೆ ಸಿಕ್ಕರೆ ಒಂದೆರಡು ವಾರ ಮೊದಲೇ ಹೋಗಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ ಕಂಡರೆ ಓಟ ಮರೆತು ಕೆಳಗಿಳಿಯಿರಿ. ನಾನು ಕೈಹಿಡಿದು ಇಳಿಸಿದವರಲ್ಲಿ ಬಲಿಷ್ಠ ಓಟಗಾರರೂ ಇದ್ದರು.

ಕೇಳಿದವರು: ತುಂಬಾ ಧನ್ಯವಾದ. ನಾಳೆಯೇ ರಕ್ತ ಕೊಡ್ತೀನಿ, ಹತ್ತು ದಿನ ಮೊದಲೇ ಹೋಗೋಕೆ ರಜೆ ಕೇಳ್ತೀನಿ. ಒಂದೇ ಅನುಮಾನ: ದಿನಕ್ಕೆ ಮೂರು ಕಾಫಿ ಕುಡೀತೀನಿ, ಹೋಗೋ ಮುಂಚೆ ಬಿಡಬೇಕಾ?

ನರ್ಸ್: ಬೇಡ. ಹೊರಡುವ ಹೊತ್ತಿಗೆ ಥಟ್ಟನೆ ಬಿಟ್ಟರೆ ಕೆಫೀನ್ ಸಿಗದೆ ತಲೆನೋವು ಬರುತ್ತದೆ. ಅದು ಎತ್ತರದ ತಲೆನೋವೋ ಕಾಫಿಯದೋ ಅಂತ ನಿಮಗೂ ತಿಳಿಯದು, ನೋಡುವವರಿಗೂ ತಿಳಿಯದು. ಮಧ್ಯಾಹ್ನದ ಮೇಲೆ ಮಾತ್ರ ಕುಡಿಯಬೇಡಿ, ಅಲ್ಲಿ ನಿದ್ದೆ ಮೊದಲೇ ಕಷ್ಟ.