ಎಂಜಿನ್ ಇಳಿಸದೆ ಆಯಿಲ್ ಪಂಪ್ ಬದಲಾಯಿಸಬಹುದಾ? ಮಾಡಿದವರು ಹೇಳಿ

ಕೇಳಿದವರು, ಗಾಡಿ ಮಾಲೀಕರು:
ನನ್ನದು ಟಾಟಾ 2515 ಲಾರಿ, ಕಮಿನ್ಸ್ 6ಬಿಟಿ ಎಂಜಿನ್. ಎಂಜಿನ್ ಕಾದ ಮೇಲೆ ಐಡಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಪೂರ್ತಿ ಮಲಗಿಬಿಡುತ್ತದೆ. ಪಂಪ್ ಹೋಗಿದೆ, ಎಂಜಿನ್ ಇಳಿಸಬೇಕು ಅಂತಾರೆ ಗ್ಯಾರೇಜ್‌ನವರು. ಒಳ್ಳೆ ಬಾಡಿಗೆ ಸಿಗುವ ಸಮಯ, ಗಾಡಿ ನಿಲ್ಲಿಸೋಕೆ ಆಗಲ್ಲ. ಬೇರೆ ದಾರಿ ಇದೆಯಾ?

ಹುಬ್ಬಳ್ಳಿಯಿಂದ, ಮೆಕ್ಯಾನಿಕ್:
ಇಳಿಸೋದೇನೂ ಬೇಡ ಅಣ್ಣ. 6ಬಿಟಿಯಲ್ಲಿ ಪಂಪ್ ಇರುವುದು ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಒಳಗಲ್ಲ, ಮುಂದೆ ಟೈಮಿಂಗ್ ಕವರ್ ಹಿಂದೆ. ಚೇಂಬರ್ ಕೂಡ ಬಿಚ್ಚಬೇಕಾಗಿಲ್ಲ. ರೇಡಿಯೇಟರ್, ಫ್ಯಾನ್, ಬೆಲ್ಟ್, ಕ್ರಾಂಕ್ ಪುಲ್ಲಿ ತೆಗೆದು ಕವರ್ ಬಿಚ್ಚಿದರೆ ಪಂಪ್ ಎದುರಿಗೇ ಕಾಣುತ್ತದೆ, ನಾಲ್ಕೇ ಬೋಲ್ಟು. ಮುಂದಿನ ಮೌಂಟಿಂಗ್ ಅಡ್ಡ ಬಂದರೆ ಚೇಂಬರ್ ಅಡಿಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಡಿ. ಬರೀ ಜ್ಯಾಕ್ ಕೊಟ್ಟರೆ ಚೇಂಬರ್ ಬಗ್ಗುತ್ತದೆ.

ಹೊಸ ಪಂಪ್‌ಗೆ ಮೊದಲೇ ಆಯಿಲ್ ತುಂಬಿಸಿ, ಗೇರ್ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಕೂರಿಸಿ. ಅದರ ಹಿಂದಿನ ಪ್ಲೇಟು ಬ್ಲಾಕ್‌ನಲ್ಲಿ ಪಂಪ್ ಕೂರುವ ತೂತಿನ ತಳಕ್ಕೆ ತಾಗಿ ಕೂರುತ್ತದೆ, ಫ್ಲಾಂಜ್ (ಬೋಲ್ಟು ಹಾಕುವ ಅಂಚು) ಬ್ಲಾಕ್‌ಗೆ ತಾಗಲ್ಲ. ಇದು ಗೊತ್ತಿಲ್ಲದೆ ಇನ್ನೂ ಒಳಗೆ ಹೋಗಲಿ ಅಂತ ಸುತ್ತಿಗೆ ಹಿಡಿಯುವವರಿದ್ದಾರೆ. ಬೋಲ್ಟುಗಳನ್ನು ಮೊದಲು ಹಗುರವಾಗಿ, ಆಮೇಲೆ 24 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಜಾಸ್ತಿ ಬೇಡ.

ಮುಂದಿನ ಕ್ರಾಂಕ್ ಸೀಲ್ ಹೊಸದೇ ಹಾಕಿ, ಒಣಗಿದ್ದಂತೆಯೇ ಹಾಕಿ. ಸೀಲ್ ಕಂಡರೆ ಆಯಿಲ್ ಸವರುವ ಚಟ ನಮ್ಮ ಹುಡುಗರಿಗೆ. ಈ ಸೀಲ್‌ಗೆ ಅದು ಆಗಿಬರಲ್ಲ. ಕ್ರಾಂಕ್ ಮೂತಿಯನ್ನೂ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಅಲ್ಲಿಂದಲೇ ಲೀಕ್ ಶುರು.

ಇನ್ನೊಂದು, ಕವರ್ ತೆಗೆದಾಗ ಗೇರ್ ಹೌಸಿಂಗ್‌ನಲ್ಲಿ ಒಂದು ಸ್ಟೀಲ್ ಡೋವೆಲ್ ಪಿನ್ (ಹೌಸಿಂಗ್ ಸರಿಯಾದ ಜಾಗಕ್ಕೆ ಕೂರಲು ಇರುವ ಕಡ್ಡಿ) ಇರುತ್ತದೆ, ನೋಡಿ. ಅಮೆರಿಕದ ಹಳೇ ಡಾಡ್ಜ್ ಪಿಕಪ್‌ಗಳಲ್ಲೂ ಇದೇ 5.9 ಲೀಟರ್ ಎಂಜಿನ್, ಅಲ್ಲಿ ಈ ಪಿನ್ ಸಡಿಲವಾಗಿ ಗೇರ್ ಮಧ್ಯೆ ಬಿದ್ದು ಕೇಸ್ ಒಡೆದ ಗಾಡಿಗಳು ಬೇಕಾದಷ್ಟಿವೆ. ಪಕ್ಕದ ಬೋಲ್ಟ್ ಅಡಿಗೆ ಸಣ್ಣ ಪಟ್ಟಿ ಕೊಟ್ಟು ಪಿನ್ ಹೊರಗೆ ಬರದಂತೆ ಮಾಡಿಬಿಡಿ. ಹೇಗೂ ಬಿಚ್ಚಿರುತ್ತೀರಿ, ಅಲ್ವಾ.

ಚಿತ್ರದುರ್ಗದಿಂದ, ಮೂರು ಗಾಡಿ ಇಟ್ಟಿರುವವರು:
ತಡೀರಿ ಸರ್, ಪಂಪ್ ಹೋಗಿದೆ ಅಂತ ಯಾರು ನೋಡಿದರು? ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ, ಸೆನ್ಸರ್ ಕೆಟ್ಟರೂ ಅದು ಮಲಗುತ್ತದೆ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಕಾದ ಎಂಜಿನ್ ಐಡಲಿಂಗ್‌ನಲ್ಲಿ 0.7 ಬಾರ್, ಪೂರ್ತಿ ಆರ್‌ಪಿಎಂನಲ್ಲಿ 2 ಬಾರ್ ಇದ್ದರೆ ಸಾಕು, ಗಾಡಿ ಓಡಿಸಿ.

ಕಮ್ಮಿ ಇದ್ದರೂ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಡೀಸೆಲ್ ಬೆರೆತು ಆಯಿಲ್ ತೆಳುವಾಗಿದ್ದರೆ ಯಾವ ಪಂಪ್ ಹಾಕಿದರೂ ಅಷ್ಟೇ. ಫಿಲ್ಟರ್ ಹತ್ತಿರ ಆಯಿಲ್ ಕೂಲರ್ ಕವರ್‌ನಲ್ಲಿ ಪ್ರೆಶರ್ ರೆಗ್ಯುಲೇಟರ್ ವಾಲ್ವ್ ಇದೆ. ಕಸ ಸಿಕ್ಕಿ ಅದು ತೆರೆದೇ ನಿಂತಿದ್ದರೂ ಪ್ರೆಶರ್ ಬರಲ್ಲ, ಬಿಚ್ಚಿ ತೊಳೆದರೆ ಮುಗೀತು. ಹಳೇ ಫಿಲ್ಟರ್ ಕತ್ತರಿಸಿ ಪೇಪರ್ ಬಿಡಿಸಿ ನೋಡಿ. ತಾಮ್ರದ ಬಣ್ಣದ ಚೂರು ಮಿನುಗಿದರೆ ಬೇರಿಂಗ್ ಸವೆದಿದೆ ಅಂತ ಲೆಕ್ಕ, ಆಗ ಪಂಪ್‌ಗೆ ಹಾಕುವ ದುಡ್ಡು ದಂಡ.

ಹೊಸಪೇಟೆಯಿಂದ, ಡ್ರೈವರ್:
ಹಳೇ ಟಾಟಾ 697 ಎಂಜಿನ್ ಇರುವವರು ಇದನ್ನೋದಿ ಮುಂದಿನ ಕವರ್ ಬಿಚ್ಚಬೇಡಿ, ಅದರಲ್ಲಿ ಪಂಪ್ ಚೇಂಬರ್ ಒಳಗೇ ಇದೆ. ಗಾಡಿಯನ್ನು ಗುಂಡಿ ಮೇಲೆ ನಿಲ್ಲಿಸಿ ಚೇಂಬರ್ ಇಳಿಸಬೇಕು. ಎಂಜಿನ್ ಅಲ್ಲ, ಚೇಂಬರ್ ಮಾತ್ರ.

ಯಾವ ಎಂಜಿನ್ ಆದರೂ ಕೆಲಸ ಮುಗಿದ ತಕ್ಷಣ ಸ್ಟಾರ್ಟ್ ಮಾಡಬೇಡಿ. ಸ್ಟಾಪ್ ಕೇಬಲ್ ಎಳೆದು ಹಿಡಿದು, ಪ್ರೆಶರ್ ಕಾಣುವವರೆಗೆ ಬರೀ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 30 ಸೆಕೆಂಡ್ ಮೀರಬಾರದು, ನಡುವೆ ಎರಡು ನಿಮಿಷ ಬಿಡಿ, ಇಲ್ಲಾಂದ್ರೆ ಸೆಲ್ಫ್ ಮೋಟಾರ್ ಸುಡುತ್ತದೆ. ಸ್ಟಾರ್ಟ್ ಆಗಿ 15 ಸೆಕೆಂಡ್‌ನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿಬಿಡಿ.